ಹೊಟ್ಟೆಯ ಬೊಜ್ಜು ಮತ್ತು ಹೃದಯ: ತೂಕದ ಯಂತ್ರ ಹೇಳದ ಸಂಗತಿಗಳು

"ನಿಮ್ಮ ಎತ್ತರ ಎಷ್ಟು ಸೆಂಟಿಮೀಟರ್ ಇದೆಯೋ ಅದರಲ್ಲಿ 100 ಕಳೆಯಿರಿ. ಉಳಿದದ್ದೇ ನಿಮ್ಮ ಸರಿಯಾದ ತೂಕ. ಅಷ್ಟಿದ್ದರೆ ಹಾರ್ಟ್ ಸೇಫ್!"

ಇಂಥದ್ದೊಂದು ಮೆಸೇಜು ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಅದರ ಹಿಂದೆಯೇ ಖಾಲಿ ಹೊಟ್ಟೆಗೆ ಕುಡಿಯುವ ಜೀರಿಗೆ ನೀರು, ಹದಿನೈದು ದಿನಕ್ಕೆ ಹತ್ತು ಕೆಜಿ ಇಳಿಸುವ ಪುಡಿ, ಹೊಟ್ಟೆಗೆ ಕಟ್ಟುವ ಬೆಲ್ಟು ಎಲ್ಲವೂ ಸಾಲಾಗಿ ಬರುತ್ತವೆ.

ತೂಕ ಹೆಚ್ಚಾದರೆ ಹೃದಯಕ್ಕೆ ತೊಂದರೆ ಎಂಬ ಮಾತು ನಿಜ. ಆದರೆ ತೂಕದ ಯಂತ್ರದ ಸಂಖ್ಯೆಯೊಂದನ್ನೇ ನಂಬಿದರೆ ಎರಡು ಬಗೆಯ ಜನ ಮೋಸ ಹೋಗುತ್ತಾರೆ. ತೂಕ ಸರಿಯಾಗಿದೆ ಎಂದು ನಿಶ್ಚಿಂತರಾಗಿದ್ದು, ಹೊಟ್ಟೆ ಮಾತ್ರ ಮುಂದೆ ಬಂದಿರುವವರು ಮೊದಲನೆಯವರು. ತೂಕ ಇಳಿಸುವ ಆತುರದಲ್ಲಿ ಸಿಕ್ಕಿದ ಮಾತ್ರೆ ನುಂಗಿ ಹೃದಯಕ್ಕೇ ಕುತ್ತು ತಂದುಕೊಳ್ಳುವವರು ಎರಡನೆಯವರು. ಹಾಗಾಗಿ ಬೊಜ್ಜಿಗೂ ಹೃದಯಕ್ಕೂ ಇರುವ ನಂಟನ್ನು ಈ ಲೇಖನದಲ್ಲಿ ಒಂದೊಂದಾಗಿ ಬಿಡಿಸಿ ನೋಡೋಣ.

ಸಂಕ್ಷಿಪ್ತವಾಗಿ ಹೇಳುವುದಾದರೆ:

- ಎಷ್ಟು ತೂಕ ಎನ್ನುವುದರ ಜೊತೆಗೆ, ಕೊಬ್ಬು ದೇಹದಲ್ಲಿ ಎಲ್ಲಿ ಕೂತಿದೆ ಎನ್ನುವುದೂ ಹೃದಯಕ್ಕೆ ಮುಖ್ಯ.
- ಹೊಟ್ಟೆಯೊಳಗಿನ ಕೊಬ್ಬು ಅತಿ ಅಪಾಯಕಾರಿ. ಅದನ್ನು ಅಂದಾಜು ಮಾಡಲು ಟೈಲರ್ ಟೇಪ್ ಸಾಕು.
- ಭಾರತೀಯರಿಗೆ ತೂಕದ ಮಿತಿಗಳು ಉಳಿದವರಿಗಿಂತ ಕಡಿಮೆ.
- ಈಗಿನ ತೂಕದಲ್ಲಿ ಶೇ. 5ರಿಂದ 10ರಷ್ಟು ಇಳಿದರೂ ಬಿಪಿ, ಶುಗರ್ ಸುಧಾರಿಸುತ್ತವೆ.

ತೂಕ ಹೆಚ್ಚಾದರೆ ಹೃದಯಕ್ಕೆ ಏನಾಗುತ್ತದೆ?

ನಾವು ಸುಮ್ಮನೆ ಕೂತಿದ್ದಾಗಲೂ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ಪಂಪ್ ಮಾಡುತ್ತಿರುತ್ತದೆ. ದೇಹ ದೊಡ್ಡದಾದಂತೆ ಅದಕ್ಕೆ ಬೇಕಾದ ರಕ್ತದ ಪ್ರಮಾಣವೂ ಹೆಚ್ಚುತ್ತದೆ. ಅಂದರೆ ಹೃದಯ ಪ್ರತಿ ಬಡಿತಕ್ಕೂ ಹೆಚ್ಚು ರಕ್ತ ತಳ್ಳಬೇಕು. ಇದು ವರ್ಷಗಟ್ಟಲೆ ನಡೆದಾಗ ಹೃದಯದ ಎಡ ಕೆಳಕೋಣೆಯ ಗೋಡೆ ದಪ್ಪವಾಗುತ್ತದೆ. ಜಿಮ್‌ನಲ್ಲಿ ತೋಳು ದಪ್ಪವಾದರೆ ಸಂತೋಷ, ಆದರೆ ಹೃದಯದ ಗೋಡೆ ಹೀಗೆ ದಪ್ಪವಾಗುವುದು ಒಳ್ಳೆಯ ಲಕ್ಷಣವಲ್ಲ. ಅದು ಬಿಗಿಯಾಗಿ, ರಕ್ತ ತುಂಬಿಕೊಳ್ಳಲು ಬೇಕಾದಷ್ಟು ಸಡಿಲಗೊಳ್ಳುವುದಿಲ್ಲ. ಮುಂದೆ ಹೃದಯ ವೈಫಲ್ಯಕ್ಕೆ ಇದು ದಾರಿ ಮಾಡಬಹುದು.

ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನಲ್ಲಿ 1948ರಲ್ಲಿ ಶುರುವಾದ ಅಧ್ಯಯನವೊಂದು ಊರಿನ ಸಾವಿರಾರು ಜನರ ಹೃದಯದ ಆರೋಗ್ಯವನ್ನು ತಲೆಮಾರುಗಳ ಕಾಲ ಗಮನಿಸುತ್ತಾ ಬಂದಿದೆ. ಬೊಜ್ಜು ಇರುವವರಿಗೆ ಹೃದಯ ವೈಫಲ್ಯದ ಅಪಾಯ ಸಾಮಾನ್ಯ ತೂಕದವರಿಗಿಂತ ಸುಮಾರು ಎರಡು ಪಟ್ಟು ಎಂದು ಅದರ ಮಾಹಿತಿಯಿಂದ 2002ರಲ್ಲಿ ತಿಳಿದುಬಂತು.

ಪಂಪಿನ ಕೆಲಸ ಹೆಚ್ಚುವುದು ಒಂದು ದಾರಿ ಮಾತ್ರ. ಇನ್ನೂ ನಾಲ್ಕು ದಾರಿಗಳಿವೆ.

ಮೊದಲನೆಯದು ಬಿಪಿ. ಬೊಜ್ಜು ಹೆಚ್ಚಾದಾಗ ಮೂತ್ರಪಿಂಡಗಳು ಉಪ್ಪಿನಂಶವನ್ನು ಹೊರಹಾಕದೆ ಹಿಡಿದಿಟ್ಟುಕೊಳ್ಳುತ್ತವೆ, ರಕ್ತನಾಳಗಳನ್ನು ಬಿಗಿಗೊಳಿಸುವ ಹಾರ್ಮೋನುಗಳೂ ಚುರುಕಾಗುತ್ತವೆ. ಇವೆರಡೂ ಸೇರಿ ರಕ್ತದೊತ್ತಡ ಏರುತ್ತದೆ.

ಎರಡನೆಯದು ಶುಗರ್ ಮತ್ತು ರಕ್ತದ ಕೊಬ್ಬು. ಯಕೃತ್ತು ಮತ್ತು ಸ್ನಾಯುಗಳಲ್ಲಿ ಕೊಬ್ಬು ಸೇರಿಕೊಂಡಾಗ ಅವು ಇನ್ಸುಲಿನ್ ಮಾತು ಕೇಳುವುದನ್ನು ಬಿಡುತ್ತವೆ. ರಕ್ತದಲ್ಲಿ ಸಕ್ಕರೆ ಏರುತ್ತದೆ, ಟ್ರೈಗ್ಲಿಸರೈಡ್ ಹೆಚ್ಚುತ್ತದೆ, ಒಳ್ಳೆಯ ಕೊಲೆಸ್ಟ್ರಾಲ್ ಎಂದು ಕರೆಯುವ ಎಚ್‌ಡಿಎಲ್ ಇಳಿಯುತ್ತದೆ. ಹೃದಯದ ರಕ್ತನಾಳದೊಳಗೆ ಕೊಬ್ಬು ಕಟ್ಟಲು ಇದು ಹದವಾದ ಸ್ಥಿತಿ.

ಮೂರನೆಯದು ಉರಿಯೂತ. ಕೊಬ್ಬು ಎಂದರೆ ಗೋದಾಮಿನಲ್ಲಿ ಪೇರಿಸಿಟ್ಟ ಮೂಟೆ ಎಂದು ಬಹಳ ಕಾಲ ತಿಳಿಯಲಾಗಿತ್ತು. 1994ರಲ್ಲಿ ಕೊಬ್ಬಿನ ಜೀವಕೋಶಗಳಿಂದ ಹೊರಬರುವ ಲೆಪ್ಟಿನ್ ಎಂಬ ಹಾರ್ಮೋನು ಪತ್ತೆಯಾದ ಮೇಲೆ ಈ ತಿಳಿವಳಿಕೆ ಬದಲಾಯಿತು. ಕೊಬ್ಬು ಕೂಡ ಒಂದು ಗ್ರಂಥಿಯ ಹಾಗೆ ರಾಸಾಯನಿಕಗಳನ್ನು ರಕ್ತಕ್ಕೆ ಬಿಡುತ್ತದೆ. ಅತಿಯಾಗಿ ಉಬ್ಬಿದ ಕೊಬ್ಬಿನ ಜೀವಕೋಶಗಳಿಂದ ಬರುವ ಕೆಲವು ರಾಸಾಯನಿಕಗಳು ರಕ್ತನಾಳಗಳ ಒಳಪದರವನ್ನು ಸದಾ ಕೆರಳಿಸುತ್ತವೆ.

ನಾಲ್ಕನೆಯದು ನಿದ್ದೆ. ಕುತ್ತಿಗೆಯ ಸುತ್ತ ಕೊಬ್ಬು ಸೇರಿದಾಗ ಮಲಗಿದಾಗ ಗಂಟಲ ದಾರಿ ಕಿರಿದಾಗುತ್ತದೆ. ಜೋರು ಗೊರಕೆ, ನಡುನಡುವೆ ಉಸಿರು ಕಟ್ಟುವುದು ಇದರ ಗುರುತು. ಉಸಿರು ಕಟ್ಟಿದಾಗಲೆಲ್ಲ ಆಮ್ಲಜನಕ ಇಳಿಯುತ್ತದೆ, ಬಿಪಿ ಏರುತ್ತದೆ. ಹೃದಯ ಬಡಿತದ ಲಯ ತಪ್ಪುವ ಏಟ್ರಿಯಲ್ ಫಿಬ್ರಿಲೇಶನ್ ಎಂಬ ತೊಂದರೆಗೂ ಇದು ಕಾರಣವಾಗಬಲ್ಲದು. "ಗೊರಕೆ ಹೊಡೆದರೆ ಒಳ್ಳೆ ನಿದ್ದೆ" ಎಂಬ ನಂಬಿಕೆ ಇಲ್ಲಿ ತಪ್ಪು ದಾರಿಗೆ ಎಳೆಯುತ್ತದೆ.

ಎಲ್ಲ ಕೊಬ್ಬೂ ಒಂದೇ ಅಲ್ಲ

ಚರ್ಮವನ್ನು ಚಿವುಟಿದಾಗ ಬೆರಳಿಗೆ ಸಿಗುವುದು ಚರ್ಮದಡಿಯ ಕೊಬ್ಬು. ತೊಡೆ, ನಿತಂಬ, ತೋಳುಗಳಲ್ಲಿ ಇರುವುದು ಹೆಚ್ಚಾಗಿ ಇದೇ. ಇನ್ನೊಂದು ಬಗೆಯ ಕೊಬ್ಬು ಹೊಟ್ಟೆಯ ಗೋಡೆಯ ಒಳಗೆ, ಕರುಳು ಮತ್ತು ಯಕೃತ್ತಿನ ಸುತ್ತ ತುಂಬಿಕೊಂಡಿರುತ್ತದೆ. ಇದು ಚಿವುಟಿದರೆ ಸಿಗುವುದಿಲ್ಲ, ಆದರೆ ಹೊಟ್ಟೆಯನ್ನು ಮುಂದಕ್ಕೆ ತಳ್ಳುತ್ತದೆ.

ಮೇಲೆ ಹೇಳಿದ ತೊಂದರೆಗಳಲ್ಲಿ ದೊಡ್ಡ ಪಾಲು ಈ ಒಳಗಿನ ಕೊಬ್ಬಿನದು. ಅದು ಬಿಡುಗಡೆ ಮಾಡುವ ಕೊಬ್ಬಿನಾಮ್ಲಗಳ ಬಹುಪಾಲು ರಕ್ತನಾಳದ ಮೂಲಕ ನೇರವಾಗಿ ಯಕೃತ್ತಿಗೆ ಹೋಗುತ್ತದೆ. ಹಾಗಾಗಿ ಒಂದೇ ತೂಕದ ಇಬ್ಬರಲ್ಲಿ ಹೊಟ್ಟೆ ಬಂದವರಿಗೆ ಅಪಾಯ ಹೆಚ್ಚು.

ಇದನ್ನು ದೊಡ್ಡ ಪ್ರಮಾಣದಲ್ಲಿ ತೋರಿಸಿಕೊಟ್ಟದ್ದು ಇಂಟರ್‌ಹಾರ್ಟ್ ಎಂಬ ಅಧ್ಯಯನ. 52 ದೇಶಗಳ ಸುಮಾರು 30 ಸಾವಿರ ಜನರನ್ನು ಒಳಗೊಂಡ ಇದರ ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ಇದರ ಮುಂದಾಳು ಡಾ. ಸಲೀಂ ಯೂಸುಫ್ ಓದಿದ್ದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ. ಮೊದಲ ಬಾರಿ ಹೃದಯಾಘಾತ ಆಗುವ ಅಪಾಯದ ಸುಮಾರು ಶೇ. 90 ಭಾಗವನ್ನು ಒಂಬತ್ತು ಅಂಶಗಳಿಂದ ವಿವರಿಸಬಹುದು ಎಂದು ಅದು ಹೇಳಿತು. ಧೂಮಪಾನ, ರಕ್ತದ ಕೊಬ್ಬು, ಬಿಪಿ, ಮಧುಮೇಹಗಳ ಸಾಲಿನಲ್ಲೇ ಹೊಟ್ಟೆಯ ಬೊಜ್ಜೂ ಇತ್ತು. ಹೊಟ್ಟೆ ಮತ್ತು ನಿತಂಬದ ಸುತ್ತಳತೆಗಳ ಅನುಪಾತವು ಹೃದಯಾಘಾತದ ಅಪಾಯವನ್ನು ಬಿಎಂಐಗಿಂತ ಚೆನ್ನಾಗಿ ಸೂಚಿಸುತ್ತದೆ ಎಂಬುದೂ ಇದೇ ಅಧ್ಯಯನದಿಂದ ಗೊತ್ತಾಯಿತು.

ಅದರ ಇನ್ನೊಂದು ಅಂಶ ನಮಗೆ ಹತ್ತಿರದ್ದು. ಭಾರತ ಮತ್ತು ನೆರೆಯ ದೇಶಗಳವರಿಗೆ ಮೊದಲ ಹೃದಯಾಘಾತ ಸರಾಸರಿ 53ನೇ ವಯಸ್ಸಿಗೆ ಆಗಿತ್ತು. ಉಳಿದ ದೇಶಗಳಲ್ಲಿ ಅದು ಸುಮಾರು 59.

ಇಬ್ಬರು ಡಾಕ್ಟರು, ಒಂದೇ ಬಿಎಂಐ

ಭಾರತೀಯರ ವಿಷಯದಲ್ಲಿ ತೂಕದ ಯಂತ್ರ ಎಷ್ಟು ದಾರಿ ತಪ್ಪಿಸಬಲ್ಲದು ಎಂಬುದಕ್ಕೆ ಒಂದು ಹೆಸರಾಂತ ಉದಾಹರಣೆ ಇದೆ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಇಂಗ್ಲೆಂಡಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ ತಮ್ಮದೇ ಫೋಟೊ ಮತ್ತು ಅಳತೆಗಳನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಇಬ್ಬರ ಬಿಎಂಐ 22.3. ಆದರೆ ಯುಡ್ಕಿನ್ ಅವರ ದೇಹದಲ್ಲಿ ಕೊಬ್ಬು ಶೇ. 9.1 ಇದ್ದರೆ ಯಾಜ್ಞಿಕ್ ಅವರಲ್ಲಿ ಶೇ. 21.2 ಇತ್ತು!

ಕೈಕಾಲು ತೆಳ್ಳಗೆ, ಸ್ನಾಯು ಕಡಿಮೆ, ಕೊಬ್ಬು ಮಾತ್ರ ಹೊಟ್ಟೆಯಲ್ಲಿ. ನಮ್ಮಲ್ಲಿ ಅನೇಕರ ಮೈಕಟ್ಟು ಹೀಗೆಯೇ ಇದೆ. ಆದ್ದರಿಂದಲೇ "ಅವರು ನೋಡಲು ತೆಳ್ಳಗಿದ್ದರಲ್ಲಾ, ಹಾರ್ಟ್ ಅಟ್ಯಾಕ್ ಹೇಗಾಯ್ತು?" ಎಂಬ ಮಾತು ಮತ್ತೆ ಮತ್ತೆ ಕೇಳಿಬರುತ್ತದೆ. ತೆಳ್ಳಗಿರುವವರಿಗೂ ಸಿಗರೇಟು, ಬಿಪಿ, ಶುಗರ್, ಕೊಲೆಸ್ಟ್ರಾಲ್, ಮನೆತನದ ಕಾಯಿಲೆಗಳಿಂದ ಹೃದಯಾಘಾತ ಆಗಬಹುದು. ಕೈಕಾಲು ತೆಳ್ಳಗಿದ್ದ ಮಾತ್ರಕ್ಕೆ ಒಳಗಿನ ಕೊಬ್ಬು ಇಲ್ಲವೆಂದೂ ಅಲ್ಲ.

ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 2019-21ರಲ್ಲಿ ನಡೆಯಿತು. ಅದರ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 24, ಗಂಡಸರಲ್ಲಿ ಸುಮಾರು ಶೇ. 23 ಜನರ ಬಿಎಂಐ 25 ಅಥವಾ ಅದಕ್ಕಿಂತ ಹೆಚ್ಚು. ಕರ್ನಾಟಕದಲ್ಲಿ ಇದು ಇಬ್ಬರಲ್ಲೂ ಶೇ. 30ರ ಆಸುಪಾಸು. ಬಿಎಂಐ ಕಡಿಮೆ ಇದ್ದೂ ಹೊಟ್ಟೆ ಬಂದವರು ಈ ಲೆಕ್ಕಕ್ಕೆ ಸೇರಿಲ್ಲ ಎಂಬುದನ್ನು ಗಮನಿಸಿ.

ಮನೆಯಲ್ಲೇ ಅಳೆಯುವುದು ಹೇಗೆ?

ಬಿಎಂಐ ಎಂದರೆ ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿದಾಗ ಬರುವ ಸಂಖ್ಯೆ. ತೂಕ ಕೆಜಿಯಲ್ಲಿ, ಎತ್ತರ ಮೀಟರಿನಲ್ಲಿ ಇರಬೇಕು. 19ನೇ ಶತಮಾನದಲ್ಲಿ ಬೆಲ್ಜಿಯಂನ ಅಡಾಲ್ಫ್ ಕ್ವೆಟ್ಲೆ ಎಂಬ ಗಣಿತಜ್ಞ ಈ ಸೂತ್ರ ಕೊಟ್ಟದ್ದು ಜನಸಮೂಹದ ಲೆಕ್ಕಕ್ಕಾಗಿ, ಒಬ್ಬೊಬ್ಬರ ಆರೋಗ್ಯ ಹೇಳಲು ಅಲ್ಲ. ಸ್ನಾಯು ಯಾವುದು, ಕೊಬ್ಬು ಯಾವುದು ಎಂದು ಅದಕ್ಕೆ ತಿಳಿಯದು. ಗರಡಿಮನೆಯ ಪೈಲ್ವಾನರಿಗೂ, ಇಡೀ ದಿನ ಕುರ್ಚಿಯಲ್ಲಿ ಕೂರುವವರಿಗೂ ಒಂದೇ ಬಿಎಂಐ ಬರಬಹುದು.

ಹಾಗೆಂದು ಬಿಎಂಐ ಕೆಲಸಕ್ಕೆ ಬಾರದ್ದಲ್ಲ. ಅದು ಮೊದಲ ಸುಳಿವು. ಜಗತ್ತಿನ ಹಲವೆಡೆ 25ರ ಮೇಲೆ ಹೆಚ್ಚು ತೂಕ, 30ರ ಮೇಲೆ ಬೊಜ್ಜು ಎನ್ನುತ್ತಾರೆ. ಭಾರತೀಯರಿಗೆ ಇಲ್ಲಿನ ತಜ್ಞರು 23ರಿಂದಲೇ ಹೆಚ್ಚು ತೂಕ, 25ರಿಂದ ಬೊಜ್ಜು ಎಂದು ಪರಿಗಣಿಸುತ್ತಾರೆ.

ಈಗ ಆ ಫಾರ್ವರ್ಡ್ ಲೆಕ್ಕವನ್ನೇ ಪರೀಕ್ಷಿಸೋಣ. 165 ಸೆಂ.ಮೀ. ಎತ್ತರದವರಿಗೆ ಅದು ಹೇಳುವ ಸರಿಯಾದ ತೂಕ 65 ಕೆಜಿ. ಬಿಎಂಐ ಲೆಕ್ಕ ಹಾಕಿದರೆ 23.9 ಬರುತ್ತದೆ, ಅಂದರೆ ಭಾರತೀಯ ಮಿತಿಯಲ್ಲಿ ಆಗಲೇ ಹೆಚ್ಚು ತೂಕ. 180 ಸೆಂ.ಮೀ. ಎತ್ತರದವರಿಗೆ 80 ಕೆಜಿ ಎನ್ನುತ್ತದೆ, ಬಿಎಂಐ 24.7. ಬೊಜ್ಜಿನ ಗೆರೆಯ ಹತ್ತಿರವೇ ಹೋಗಿ ನಿಂತವರಿಗೆ "ಹಾರ್ಟ್ ಸೇಫ್" ಎಂಬ ಸರ್ಟಿಫಿಕೇಟು!

ಹಾಗಾಗಿ ಟೇಪ್ ಹಿಡಿಯಿರಿ. ಅಳೆಯುವ ಕ್ರಮ ಹೀಗೆ:

- ನೆಟ್ಟಗೆ ನಿಲ್ಲಿ. ಹೊಟ್ಟೆಯ ಮೇಲಿನ ಬಟ್ಟೆ ಸರಿಸಿ.
- ಪಕ್ಕೆಲುಬಿನ ಕೊನೆ ಮತ್ತು ಸೊಂಟದ ಮೂಳೆಯ ಮೇಲ್ತುದಿಯನ್ನು ಬೆರಳಿನಿಂದ ಗುರುತಿಸಿ. ಇವೆರಡರ ನಡುಮಧ್ಯೆ ಟೇಪ್ ಸುತ್ತಿ.
- ಸಹಜವಾಗಿ ಉಸಿರು ಬಿಟ್ಟ ಮೇಲೆ ಅಳತೆ ನೋಡಿ. ಹೊಟ್ಟೆ ಒಳಗೆಳೆದುಕೊಳ್ಳಬೇಡಿ, ಟೇಪ್ ಬಿಗಿದು ಎಳೆಯಲೂ ಬೇಡಿ.

ಗಂಡಸರಿಗೆ 90 ಸೆಂ.ಮೀ., ಅಂದರೆ ಸುಮಾರು 35 ಇಂಚು. ಹೆಂಗಸರಿಗೆ 80 ಸೆಂ.ಮೀ., ಅಂದರೆ ಸುಮಾರು 31 ಇಂಚು. ಭಾರತೀಯರಲ್ಲಿ ಇದನ್ನು ದಾಟಿದರೆ ಹೊಟ್ಟೆಯ ಬೊಜ್ಜು ಎಂದೇ ಲೆಕ್ಕ. ನೆನಪಿಡಲು ಇನ್ನೂ ಸುಲಭವಾದದ್ದು ಬೇಕೆ? ಹೊಟ್ಟೆಯ ಸುತ್ತಳತೆ ನಿಮ್ಮ ಎತ್ತರದ ಅರ್ಧಕ್ಕಿಂತ ಕಡಿಮೆ ಇರಲಿ. ಒಂದು ದಾರವನ್ನು ನಿಮ್ಮ ಎತ್ತರಕ್ಕೆ ಕತ್ತರಿಸಿ, ಎರಡಾಗಿ ಮಡಿಚಿ, ಹೊಟ್ಟೆಗೆ ಸುತ್ತಿ ನೋಡಿ. ತುದಿಗಳು ಸೇರದಿದ್ದರೆ ಎಚ್ಚರ ವಹಿಸಬೇಕು. ಗರ್ಭಿಣಿಯರಿಗೆ ಈ ಅಳತೆಗಳು ಅನ್ವಯಿಸುವುದಿಲ್ಲ.

"ನನ್ನ ಪ್ಯಾಂಟ್ ಸೈಜ್ ಹತ್ತು ವರ್ಷದಿಂದ 34" ಎಂದು ಸಮಾಧಾನ ಪಡಬೇಡಿ. ಹೊಟ್ಟೆ ಬಂದವರು ಪ್ಯಾಂಟನ್ನು ಹೊಟ್ಟೆಯ ಕೆಳಗೆ ಕಟ್ಟುತ್ತಾರೆ.

ಫಾರ್ವರ್ಡ್ ಮಾತು, ನಿಜ ಸಂಗತಿ

"ಬಿಸಿನೀರಿಗೆ ನಿಂಬೆರಸ, ಜೇನು ಹಾಕಿ ಕುಡಿದರೆ ಕೊಬ್ಬು ಕರಗುತ್ತದೆ."
ಕರಗುವುದಿಲ್ಲ. ಕುಡಿದದ್ದು ಜಠರಕ್ಕೆ ಹೋಗುತ್ತದೆ, ಕೊಬ್ಬಿನ ಮೇಲೆ ಸುರಿಯುವುದಿಲ್ಲ. ಸಕ್ಕರೆ ಹಾಕಿದ ಕಾಫಿಯ ಬದಲು ಬರೀ ಬಿಸಿನೀರು ಅಥವಾ ಜೀರಿಗೆ ನೀರು ಕುಡಿದರೆ ಸಕ್ಕರೆ ಉಳಿಯಿತು, ಅಷ್ಟೇ ಲಾಭ. ಜೇನು ಕೂಡ ಬಹುಪಾಲು ಸಕ್ಕರೆಯೇ.

"ಬೆಲ್ಟ್ ಕಟ್ಟಿ ಬೆವರಿದರೆ ಹೊಟ್ಟೆ ಇಳಿಯುತ್ತದೆ."
ಬೆವರಿನಲ್ಲಿ ಹೋಗುವುದು ನೀರು, ಒಂದು ಚೊಂಬು ಕುಡಿದರೆ ಮರಳುತ್ತದೆ. ಇಳಿದ ಕೊಬ್ಬು ನಿಜಕ್ಕೂ ಎಲ್ಲಿ ಹೋಗುತ್ತದೆ ಗೊತ್ತೆ? ಹೆಚ್ಚಿನದು ಉಸಿರಿನಲ್ಲಿ! 10 ಕೆಜಿ ಕೊಬ್ಬು ಪೂರ್ತಿ ಬಳಕೆಯಾದರೆ 8.4 ಕೆಜಿ ಇಂಗಾಲದ ಡೈಆಕ್ಸೈಡ್ ಆಗಿ ಉಸಿರಿನಲ್ಲಿ ಹೋಗುತ್ತದೆ, ಉಳಿದ 1.6 ಕೆಜಿ ನೀರಾಗುತ್ತದೆ. 2014ರಲ್ಲಿ ಪ್ರಕಟವಾದ ಲೆಕ್ಕವಿದು. ಹಾಗೆಂದು ಜೋರಾಗಿ ಉಸಿರಾಡಿದರೆ ಸಾಲದು, ದೇಹ ಆ ಕೊಬ್ಬನ್ನು ಬಳಸುವಂತೆ ಓಡಾಡಬೇಕು, ತಿನ್ನುವುದು ಮಿತವಾಗಬೇಕು.

"ಅನ್ನ ಬಿಟ್ಟು ರಾಗಿ ತಿಂದರೆ ಸಾಕು, ತೂಕ ತಾನಾಗೇ ಇಳಿಯುತ್ತದೆ."
ಅರ್ಧ ನಿಜ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 355 ಕ್ಯಾಲೊರಿ ಇದ್ದರೆ ರಾಗಿಯಲ್ಲಿ ಸುಮಾರು 320. ದೊಡ್ಡ ವ್ಯತ್ಯಾಸವಲ್ಲ. ಆದರೆ ರಾಗಿಯಲ್ಲಿ ನಾರಿನಂಶ ಸುಮಾರು 11 ಗ್ರಾಂ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂಗೂ ಕಡಿಮೆ. ಹೊಟ್ಟೆ ಬೇಗ ತುಂಬಿದಂತೆ ಅನ್ನಿಸುತ್ತದೆ. ಮುದ್ದೆಯ ಗಾತ್ರವೂ, ಜೊತೆಗಿನ ಸಾರಿನ ಎಣ್ಣೆಯೂ ಮಿತಿಯಲ್ಲಿದ್ದರೆ ಮಾತ್ರ ಪ್ರಯೋಜನ.

"ವಾಕಿಂಗ್ ಮಾಡ್ತೀನಿ, ಹೊಟ್ಟೆ ಇದ್ದರೇನು?"
ವ್ಯಾಯಾಮದಿಂದ ಹೃದಯಕ್ಕೆ ಆಗುವ ಉಪಕಾರ ತೂಕ ಇಳಿಯದಿದ್ದರೂ ಸಿಗುತ್ತದೆ. ಆದ್ದರಿಂದ ವಾಕಿಂಗ್ ಬಿಡಬೇಡಿ. ಆದರೆ ಹೊಟ್ಟೆಯ ಬೊಜ್ಜಿನ ಅಪಾಯವನ್ನು ಅದು ಪೂರ್ತಿ ಅಳಿಸಿಹಾಕುವುದಿಲ್ಲ. ವಾಕಿಂಗ್ ಮುಗಿಸಿ ಎರಡು ಮಸಾಲೆದೋಸೆ ತಿಂದರಂತೂ ಲೆಕ್ಕ ಮೊದಲಿಗಿಂತ ಹಿಂದೆ ಹೋಗುತ್ತದೆ.

"ಇದು ಹರ್ಬಲ್ ಪುಡಿ, ಸೈಡ್ ಎಫೆಕ್ಟ್ ಇಲ್ಲ."
ಈ ಲೇಖನದ ಅತಿ ಮುಖ್ಯ ಎಚ್ಚರಿಕೆ ಇದು. ಸಿಬುಟ್ರಮಿನ್ ಎಂಬ ಹಸಿವು ಕುಗ್ಗಿಸುವ ಔಷಧ ಒಂದು ಕಾಲದಲ್ಲಿ ಜಗತ್ತಿನಾದ್ಯಂತ ಮಾರಾಟವಾಗುತ್ತಿತ್ತು. ಅದನ್ನು ಸೇವಿಸಿದ ಹೃದ್ರೋಗಿಗಳಲ್ಲಿ ಹೃದಯಾಘಾತ, ಪಾರ್ಶ್ವವಾಯು ಹೆಚ್ಚಾದದ್ದು ಕಂಡುಬಂದ ಮೇಲೆ 2010ರಲ್ಲಿ ಅಮೆರಿಕ, ಯುರೋಪ್ ಮಾರುಕಟ್ಟೆಗಳಿಂದ ಹೊರಬಿತ್ತು. ಮರುವರ್ಷ ಭಾರತವೂ ನಿಷೇಧಿಸಿತು. ಆದರೆ ಅದು ಮಾಯವಾಗಲಿಲ್ಲ. "ನೈಸರ್ಗಿಕ" ಎಂದು ಬರೆದು ಆನ್‌ಲೈನಿನಲ್ಲಿ ಮಾರುವ ತೂಕ ಇಳಿಸುವ ಮಾತ್ರೆ, ಪುಡಿ, ಕಾಫಿಗಳಲ್ಲಿ ಇದೇ ಸಿಬುಟ್ರಮಿನ್ ಕದ್ದು ಬೆರೆಸಿರುವುದನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಮತ್ತೆ ಮತ್ತೆ ಪತ್ತೆ ಮಾಡಿದೆ. ಹೃದಯ ಉಳಿಸಲು ತೂಕ ಇಳಿಸಹೊರಟವರು ಹೃದಯಕ್ಕೇ ವಿಷ ಹಾಕಿಕೊಳ್ಳುವುದು ಹೀಗೆ. ಒಳಗೇನಿದೆ ಎಂದು ಗೊತ್ತಿಲ್ಲದ ಪುಡಿ ಬೇಡವೇ ಬೇಡ.

ಎಷ್ಟು ಇಳಿಸಿದರೆ ಲಾಭ?

ಇಪ್ಪತ್ತು, ಮೂವತ್ತು ಕೆಜಿ ಇಳಿಸಬೇಕು ಎಂದು ಹೆದರಿ ಕೈಚೆಲ್ಲುವವರೇ ಹೆಚ್ಚು. ಈಗಿನ ತೂಕದಲ್ಲಿ ಶೇ. 5ರಿಂದ 10ರಷ್ಟು ಕಡಿಮೆಯಾದರೂ ಬಿಪಿ, ಶುಗರ್, ಟ್ರೈಗ್ಲಿಸರೈಡ್ ಮೂರೂ ಸುಧಾರಿಸುತ್ತವೆ. 80 ಕೆಜಿ ಇರುವವರಿಗೆ ಇದು 4ರಿಂದ 8 ಕೆಜಿ. ಸರಾಸರಿ ಲೆಕ್ಕದಲ್ಲಿ ಒಂದು ಕೆಜಿ ಇಳಿದರೆ ಬಿಪಿಯ ಮೇಲಿನ ಸಂಖ್ಯೆ ಸುಮಾರು ಒಂದು ಅಂಕ ಇಳಿಯುತ್ತದೆ.

ಅಡುಗೆಮನೆಯಲ್ಲಿ ಎಣ್ಣೆ ಮತ್ತು ಸಕ್ಕರೆಯಿಂದ ಶುರು ಮಾಡಿ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 120 ಕ್ಯಾಲೊರಿ. ಹೊಸ ಎಣ್ಣೆ ಕ್ಯಾನ್ ತೆರೆದ ದಿನ ಅದರ ಮೇಲೆ ತಾರೀಕು ಬರೆದಿಡಿ. ಮುಂದಿನ ಕ್ಯಾನ್ ನಾಲ್ಕೈದು ದಿನ ಹೆಚ್ಚು ಬಾಳಿಕೆ ಬರುವಂತೆ ನೋಡಿಕೊಳ್ಳಿ. ದಿನಕ್ಕೆ ನಾಲ್ಕು ಲೋಟ ಕಾಫಿ, ಪ್ರತಿ ಲೋಟಕ್ಕೆ ಎರಡು ಚಮಚ ಸಕ್ಕರೆ ಎಂದರೆ 30 ಗ್ರಾಂ ದಾಟುತ್ತದೆ. ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಉಪ್ಪು 5 ಗ್ರಾಂ ಒಳಗಿರಲಿ. ಉಪ್ಪಿನಕಾಯಿ, ಹಪ್ಪಳ, ಚಿಪ್ಸ್‌ಗಳ ಉಪ್ಪೂ ಇದೇ ಲೆಕ್ಕಕ್ಕೆ. ತಟ್ಟೆಯಲ್ಲಿ ಅನ್ನ ಸ್ವಲ್ಪ ಕಡಿಮೆ, ಪಲ್ಯ, ಕಾಳು, ಸೊಪ್ಪು ಸ್ವಲ್ಪ ಹೆಚ್ಚು ಇರಲಿ.

ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆ, ಜೊತೆಗೆ ವಾರಕ್ಕೆರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಬೇಕು. ಮಾತನಾಡಬಹುದು, ಆದರೆ ಹಾಡಲು ಉಸಿರು ಸಾಲದು ಎನ್ನುವಂತಿದ್ದರೆ ಅದು ಬಿರುಸಿನ ನಡಿಗೆ.

ಒಂದು ಮಾತು ಮರೆಯಬೇಡಿ. ಲುಕ್ ಅಹೆಡ್ ಎಂಬ ಅಧ್ಯಯನದಲ್ಲಿ ಐದು ಸಾವಿರಕ್ಕೂ ಹೆಚ್ಚು ಮಧುಮೇಹಿಗಳು ಭಾಗವಹಿಸಿದ್ದರು. ಆಹಾರ, ವ್ಯಾಯಾಮದಿಂದ ತೂಕ ಇಳಿಸಿದವರ ಶುಗರ್, ಬಿಪಿ, ನಿದ್ದೆ ಸುಧಾರಿಸಿದವು. ಆದರೆ ಹೃದಯಾಘಾತ ಮತ್ತು ಪಾರ್ಶ್ವವಾಯುಗಳು ಗಣನೀಯವಾಗಿ ಕಡಿಮೆಯಾಗಲಿಲ್ಲ ಎಂದು 2013ರಲ್ಲಿ ವರದಿಯಾಯಿತು. ಅಂದರೆ ತೂಕ ಇಳಿಯಿತು ಎಂದು ಬಿಪಿ ಮಾತ್ರೆ, ಕೊಲೆಸ್ಟ್ರಾಲ್ ಮಾತ್ರೆಗಳನ್ನು ನೀವೇ ನಿಲ್ಲಿಸುವ ಹಾಗಿಲ್ಲ, ಸಿಗರೇಟು ಮುಂದುವರಿಸುವ ಹಾಗೂ ಇಲ್ಲ.

ತೂಕ ಇಳಿಸುವ ಇಂಜೆಕ್ಷನ್ ವಿಚಾರವೇನು?

ಸೆಮಾಗ್ಲುಟೈಡ್ ಎಂಬ ಇಂಜೆಕ್ಷನ್ ಬಗ್ಗೆ ಈಗ ಎಲ್ಲೆಲ್ಲೂ ಮಾತು. ಆಗಲೇ ಹೃದ್ರೋಗವಿದ್ದು, ತೂಕ ಹೆಚ್ಚಿದ್ದು, ಮಧುಮೇಹ ಇಲ್ಲದ 17,604 ಜನರಲ್ಲಿ ನಡೆದ ಅಧ್ಯಯನದ ಫಲಿತಾಂಶ 2023ರಲ್ಲಿ ಬಂತು. ಹೃದಯಾಘಾತ, ಪಾರ್ಶ್ವವಾಯು, ಹೃದಯ ಸಂಬಂಧಿ ಸಾವುಗಳು ಒಟ್ಟಾರೆ ಶೇ. 20ರಷ್ಟು ಕಡಿಮೆಯಾಗಿದ್ದವು. ಇದು ದೊಡ್ಡ ಸುದ್ದಿಯೇ. ಆದರೆ ಇದು ಎಲ್ಲರಿಗೂ ಅಲ್ಲ. ವಾಕರಿಕೆ, ವಾಂತಿಯಂಥ ತೊಂದರೆಗಳು ಸಾಮಾನ್ಯ, ನಿಲ್ಲಿಸಿದರೆ ತೂಕ ಮರಳಬಹುದು. ವೈದ್ಯರ ಚೀಟಿ ಇಲ್ಲದೆ, ಮದುವೆಗೆ ಮುಂಚೆ ಸಣ್ಣಗಾಗಲು ತೆಗೆದುಕೊಳ್ಳುವ ಔಷಧವಲ್ಲ ಇದು.

ಯಾವಾಗ ವೈದ್ಯರ ಬಳಿ ಹೋಗಬೇಕು?

ಹೊಟ್ಟೆಯ ಅಳತೆ ಮಿತಿ ದಾಟಿದ್ದರೆ ಬಿಪಿ, ಶುಗರ್, ಕೊಲೆಸ್ಟ್ರಾಲ್ ಮೂರನ್ನೂ ಪರೀಕ್ಷಿಸಿಕೊಳ್ಳಿ. "ಇಸಿಜಿ ನಾರ್ಮಲ್ ಬಂದಿದೆ, ಇನ್ನೇನೂ ಭಯವಿಲ್ಲ" ಎಂದುಕೊಳ್ಳಬೇಡಿ. ಇಸಿಜಿ ತೋರಿಸುವುದು ಆ ಹೊತ್ತಿನ ಹೃದಯದ ವಿದ್ಯುತ್ ಚಟುವಟಿಕೆಯನ್ನು; ರಕ್ತನಾಳದಲ್ಲಿ ನಿಧಾನವಾಗಿ ಕಟ್ಟುತ್ತಿರುವ ಕೊಬ್ಬು ಅದರಲ್ಲಿ ಕಾಣದೆ ಹೋಗಬಹುದು.

ಎದೆಯಲ್ಲಿ ಹಿಂಡಿದಂಥ ನೋವು, ಎಡಗೈ, ದವಡೆ ಅಥವಾ ಬೆನ್ನಿಗೆ ಹರಡುವ ನೋವು, ತಣ್ಣನೆಯ ಬೆವರು, ಇದ್ದಕ್ಕಿದ್ದಂತೆ ಉಸಿರಾಟದ ತೊಂದರೆ ಕಂಡರೆ "ಗ್ಯಾಸ್ಟ್ರಿಕ್ ಇರಬೇಕು" ಎಂದು ಸೋಡಾ ಕುಡಿದು ಕಾಯಬೇಡಿ. ತಕ್ಷಣ 108ಕ್ಕೆ ಕರೆ ಮಾಡಿ. ಹೆಂಗಸರಲ್ಲಿ, ಮಧುಮೇಹಿಗಳಲ್ಲಿ ಎದೆನೋವು ಇಲ್ಲದೆ ಸುಸ್ತು, ವಾಕರಿಕೆ, ಉಬ್ಬಸ ಮಾತ್ರ ಕಾಣಿಸಬಹುದು.

ಕೊನೆಯದಾಗಿ, ಬೊಜ್ಜು ಇರುವವರನ್ನು ಗ್ರೂಪಿನಲ್ಲಿ ಗೇಲಿ ಮಾಡುವ ಮೀಮ್‌ಗಳಿಂದ ಯಾರ ಹೊಟ್ಟೆಯೂ ಇಳಿದಿಲ್ಲ. ಅನುವಂಶೀಯತೆ, ನಿದ್ದೆಗೇಡು, ಕೆಲವು ಔಷಧಗಳು, ಕೂತೇ ಮಾಡುವ ಕೆಲಸ ಎಲ್ಲವೂ ಬೊಜ್ಜಿಗೆ ಕಾರಣವಾಗುತ್ತವೆ. ಇದು ಬರೀ ಬಾಯಿಚಪಲದ ಮಾತಲ್ಲ. ಈ ಲೇಖನವನ್ನು ಫಾರ್ವರ್ಡ್ ಮಾಡುವ ಮುಂಚೆ ಮನೆಯವರೆಲ್ಲರ ಹೊಟ್ಟೆಯ ಅಳತೆ ತೆಗೆದು, ಕ್ಯಾಲೆಂಡರಿನ ಮೇಲೆ ಇವತ್ತಿನ ತಾರೀಕಿನ ಪಕ್ಕ ಬರೆದಿಡಿ. ಮೂರು ತಿಂಗಳ ನಂತರ ಮತ್ತೆ ಅಳೆದು ನೋಡಿ.